ಗಿಟೀ: ಸ್ವಂತ ಸರ್ವರ್‌ನಲ್ಲಿ ರೆಪಾಸಿಟರಿಗಳಿಗೊಂದು ನೆಲೆ

ಗಿಟ್ ಎಂಬುದು ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ, ಹಾಗೆ ಇತಿಹಾಸದ ಸಮೇತ ಇಟ್ಟ ಕೋಡ್‌ನ ಸಂಗ್ರಹವೇ ರೆಪಾಸಿಟರಿ. ಅಂಥ ರೆಪಾಸಿಟರಿಗಳನ್ನು ಸ್ವಂತ ಸರ್ವರ್‌ನಲ್ಲಿಟ್ಟು ವೆಬ್ ಪುಟಗಳ ಮೂಲಕ ತಂಡದೊಂದಿಗೆ ಹಂಚಿಕೊಳ್ಳಲು ನೆರವಾಗುವ ಗಿಟೀ ತಂತ್ರಾಂಶವನ್ನು ಇಳಿಸಿಕೊಂಡರೆ ಕೈಗೆ ಬರುವುದು ಒಂದೇ ಒಂದು ಫೈಲ್. ಗೋ ಭಾಷೆಯಲ್ಲಿ ಬರೆದ ಆ ಫೈಲ್‌ನೊಳಗೇ ವೆಬ್ ಸರ್ವರ್, ಪುಟಗಳ ವಿನ್ಯಾಸ, ಡೇಟಾಬೇಸ್ ಜೊತೆ ವ್ಯವಹರಿಸುವ ಭಾಗ, ಬೇಕೆಂದರೆ ಎಸ್‌ಎಸ್‌ಎಚ್ (ದೂರದ ಯಂತ್ರವನ್ನು ಸುರಕ್ಷಿತವಾಗಿ ಸಂಪರ್ಕಿಸುವ ವಿಧಾನ) ಸರ್ವರ್ ಕೂಡ ಅಡಕವಾಗಿವೆ; ಹೊರಗಿನಿಂದ ಕಡ್ಡಾಯವಾಗಿ ಬೇಕಾಗುವುದು ಯಂತ್ರದಲ್ಲಿ ಗಿಟ್ ಇರುವುದಷ್ಟೇ. ನಮ್ಮ ಆರು ಜನರ ತಂಡ ಎರಡು ವರ್ಷಗಳಿಂದ ಸುಮಾರು ನಲವತ್ತು ರೆಪಾಸಿಟರಿಗಳನ್ನು ಇದರಲ್ಲಿಟ್ಟು ಕೆಲಸ ಮಾಡುತ್ತಿದೆ, ಸರ್ವರ್ ನೋಡಿಕೊಳ್ಳುವ ಹೊಣೆ ನನ್ನದು. ಆ ಅನುಭವದ ಆಧಾರದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಗಿಟ್ ರೆಪಾಸಿಟರಿಯನ್ನು ಹಂಚಿಕೊಳ್ಳಲು ಇಂಥ ತಂತ್ರಾಂಶ ಬೇಕೇ ಬೇಕೆಂದೇನೂ ಇಲ್ಲ ಎಂಬುದನ್ನು ಮೊದಲೇ ಹೇಳಬೇಕು. ಸರ್ವರ್‌ನಲ್ಲಿ ಒಂದು ಬೇರ್ ರೆಪಾಸಿಟರಿ (ಕೆಲಸದ ಫೈಲ್‌ಗಳಿಲ್ಲದೆ ಇತಿಹಾಸವನ್ನಷ್ಟೇ ಇಟ್ಟುಕೊಂಡದ್ದು) ಸೃಷ್ಟಿಸಿ, ಎಲ್ಲರಿಗೂ ಎಸ್‌ಎಸ್‌ಎಚ್ ಪ್ರವೇಶ ಕೊಟ್ಟರೆ ಪುಶ್ (ಬದಲಾವಣೆ ಕಳುಹಿಸುವುದು), ಪುಲ್ (ತರಿಸಿಕೊಳ್ಳುವುದು) ಎರಡೂ ನಡೆಯುತ್ತವೆ, ನಾವೂ ಹಾಗೆಯೇ ಶುರುಮಾಡಿದ್ದೆವು. ತೊಂದರೆ ಕಂಡದ್ದು ತಂಡಕ್ಕೆ ಹೊಸಬರು ಸೇರಿದಾಗ ಮತ್ತು ಸುರಕ್ಷಿತ ವೆಬ್ ಸಂಪರ್ಕದ (ಎಚ್‌ಟಿಟಿಪಿಎಸ್) 443ನೇ ಪೋರ್ಟ್ ಬಿಟ್ಟು ಬೇರೇನನ್ನೂ ಬಿಡದ ಜಾಲದಿಂದ ಕೆಲಸ ಮಾಡಬೇಕಾಗಿ ಬಂದಾಗ. ಆಗ ಎರಡನೆಯ ದಾರಿ ಹಿಡಿದೆವು. 1.6.6ನೇ ಆವೃತ್ತಿಯಿಂದ ಗಿಟ್ ತನ್ನೊಂದಿಗೇ ಒಂದು ಸಿಜಿಐ ಪ್ರೋಗ್ರಾಂ (ಕೋರಿಕೆ ಬಂದಾಗ ವೆಬ್ ಸರ್ವರ್ ಓಡಿಸುವಂಥದ್ದು) ಒದಗಿಸುತ್ತದೆ. ಅಪಾಚೆ ವೆಬ್ ಸರ್ವರ್‌ಗೆ ಅದನ್ನು ಜೋಡಿಸಿ, ರೆಪಾಸಿಟರಿಗಳು ಯಾವ ಫೋಲ್ಡರ್‌ನಲ್ಲಿವೆ ಎಂದು ತಿಳಿಸಿ, ಪಾಸ್‌ವರ್ಡ್ ಕಾವಲಿಟ್ಟರೆ ಸಾಕು. ಎಂಜಿನ್‌ಎಕ್ಸ್ ಎಂಬ ಇನ್ನೊಂದು ವೆಬ್ ಸರ್ವರ್‌ಗೆ ಸಿಜಿಐ ನೇರವಾಗಿ ಬಾರದ ಕಾರಣ ನಡುವೆ ಇನ್ನೊಂದು ಸೇವೆಯನ್ನು ಇರಿಸಬೇಕಾಗುತ್ತದೆ. ಎರಡು ಮೂರು ರೆಪಾಸಿಟರಿಗಳಿಗೆ ಈ ಏರ್ಪಾಡು ಇಂದಿಗೂ ಸಾಲುತ್ತದೆ. ಆದರೆ ಯಾರು ಯಾವುದನ್ನು ಓದಬಹುದು, ಯಾರು ಬರೆಯಬಹುದು ಎಂಬ ಪ್ರತಿಯೊಂದು ಬದಲಾವಣೆಗೂ ವೆಬ್ ಸರ್ವರ್‌ನ ಸಂರಚನಾ ಫೈಲ್ ತೆರೆಯಬೇಕಾಗಿ ಬಂದು, ಸರ್ವರ್‌ನ ಪೂರ್ಣ (ರೂಟ್) ಅಧಿಕಾರವಿರುವ ಒಬ್ಬನಿಗಾಗಿ ಉಳಿದ ಐವರೂ ಕಾಯುವ ಸ್ಥಿತಿ ಬಂದಾಗ ಗಿಟೀ ಕಡೆಗೆ ತಿರುಗಿದೆವು.

ಗಿಟೀ ಅಳವಡಿಸುವುದು ಅರ್ಧ ಗಂಟೆಯ ಕೆಲಸ. ಗಿಟ್ ಎಂಬ ಹೆಸರಿನ ಬಳಕೆದಾರನನ್ನು ಸೃಷ್ಟಿಸಿ, ದತ್ತಾಂಶಕ್ಕೊಂದು ಫೋಲ್ಡರ್ ಮಾಡಿ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೇವೆಯಾಗಿ ಚಾಲೂ ಮಾಡಿದರೆ 3000ನೇ ಪೋರ್ಟ್‌ನಲ್ಲಿ ಆರಂಭಿಕ ಪುಟ ತೆರೆದುಕೊಳ್ಳುತ್ತದೆ. ಡೇಟಾಬೇಸ್ ಆಯ್ಕೆಯಲ್ಲಿ ಪೋಸ್ಟ್‌ಗ್ರೆಸ್, ಮೈಸೀಕ್ವೆಲ್, ಎಸ್‌ಕ್ಯೂಲೈಟ್ ಇತ್ಯಾದಿ ಇವೆ. ನಮ್ಮಷ್ಟು ಚಿಕ್ಕ ತಂಡಕ್ಕೆ ಎಸ್‌ಕ್ಯೂಲೈಟ್ ಬೇಕಾದಷ್ಟಾಯಿತು, ಪ್ರತ್ಯೇಕ ಡೇಟಾಬೇಸ್ ಸರ್ವರ್ ಸಾಕುವ ಹೊರೆ ತಪ್ಪಿತು. ಎರಡು ಕೋರ್ ಮತ್ತು 1 ಜಿಬಿ ಮೆಮೊರಿ ಚಿಕ್ಕ ತಂಡಗಳಿಗೆ ಸಾಮಾನ್ಯವಾಗಿ ಸಾಕೆಂದು ಅದರ ಕೈಪಿಡಿ ಹೇಳುತ್ತದೆ. ನಮ್ಮ ಯಂತ್ರವೂ ಅಷ್ಟೇ ಇದೆ, ಅದು ಏದುಸಿರು ಬಿಟ್ಟದ್ದನ್ನು ನಾನು ಕಂಡಿಲ್ಲ. ಇದೇ ಕೆಲಸಕ್ಕೆ ಗಿಟ್‌ಲ್ಯಾಬ್ ಆರಿಸಿಕೊಂಡರೆ ಪೋಸ್ಟ್‌ಗ್ರೆಸ್, ರೆಡಿಸ್ ಮುಂತಾದ ಹಲವು ಸೇವೆಗಳು ಒಟ್ಟಿಗೆ ಬಂದು ಕೂರುತ್ತವೆ ಮತ್ತು ಮೆಮೊರಿಯ ಬೇಡಿಕೆಯೂ ಹಲವು ಪಟ್ಟು ಹೆಚ್ಚುತ್ತದೆ. ದೊಡ್ಡ ಸಂಸ್ಥೆಗೆ ಅದರಿಂದ ಸಿಗುವ ಸೌಲಭ್ಯಗಳೂ ಹೆಚ್ಚು ಎಂಬುದನ್ನು ಒಪ್ಪುತ್ತೇನೆ, ಆರು ಜನರಿಗೆ ಅದು ಭಾರವೇ.

ಆರಂಭಿಕ ಪುಟದ ಬಗ್ಗೆ ಮಾತ್ರ ಎಚ್ಚರವಿರಲಿ. ಆ ಪುಟದಲ್ಲಿ ನಿರ್ವಾಹಕರ ಖಾತೆಯನ್ನು ನಾವೇ ತೆರೆಯದೆ ಹೋದರೆ, ಮೊದಲು ನೋಂದಾಯಿಸಿಕೊಂಡವರು ಯಾರೇ ಆಗಿರಲಿ ಅವರೇ ನಿರ್ವಾಹಕರಾಗುತ್ತಾರೆ. ಆದ್ದರಿಂದ ಸೇವೆಯನ್ನು ಮೊದಲು 127.0.0.1 ವಿಳಾಸಕ್ಕಷ್ಟೇ (ಅಂದರೆ ಅದೇ ಯಂತ್ರದೊಳಗಿನಿಂದ ಮಾತ್ರ ತಲುಪುವಂತೆ) ಕಟ್ಟಿಹಾಕಿ, ಎಸ್‌ಎಸ್‌ಎಚ್ ಸುರಂಗದ ಮೂಲಕ ಆ ಪುಟವನ್ನು ತುಂಬಿ, ನಿರ್ವಾಹಕರ ಖಾತೆ ಸೃಷ್ಟಿಸಿ, ಹೊರಗಿನವರ ನೋಂದಣಿಯನ್ನು ಮುಚ್ಚಿ, ಆಮೇಲಷ್ಟೇ ಹೊರಜಗತ್ತಿಗೆ ತೆರೆಯುವುದು ಸರಿಯಾದ ಕ್ರಮ. ನೋಂದಣಿಯನ್ನು ತೆರೆದೇ ಬಿಟ್ಟ ಸರ್ವರ್‌ಗಳಲ್ಲಿ ಜಾಹೀರಾತಿನ ಖಾತೆಗಳು ಬೇಗ ತುಂಬಿಕೊಳ್ಳುತ್ತವೆ. ಮೂಲ ವಿಳಾಸದ ಸೆಟ್ಟಿಂಗ್ ಅನ್ನೂ ಆಗಲೇ ಸರಿಯಾಗಿ ಬರೆದಿಡಬೇಕು, ಏಕೆಂದರೆ ಪ್ರತಿ ರೆಪಾಸಿಟರಿಯ ಪುಟದಲ್ಲಿ ಕಾಣುವ ಕ್ಲೋನ್ (ಪೂರ್ತಿ ಪ್ರತಿ ಇಳಿಸಿಕೊಳ್ಳುವ) ವಿಳಾಸ, ಇಮೇಲ್‌ನಲ್ಲಿ ಹೋಗುವ ಕೊಂಡಿಗಳು ಎಲ್ಲವೂ ಅದರಿಂದಲೇ ಹುಟ್ಟುತ್ತವೆ.

ಗಿಟೀ ತಾನೇ ಎಚ್‌ಟಿಟಿಪಿಎಸ್ ನಿಭಾಯಿಸಬಲ್ಲದು, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯಿಂದ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನೂ ಪಡೆಯಬಲ್ಲದು. ಆದರೆ ಅದೇ ಯಂತ್ರದಲ್ಲಿ ನಮ್ಮ ಬೇರೆ ತಾಣಗಳೂ ಇದ್ದುದರಿಂದ ಮುಂದೆ ಎಂಜಿನ್‌ಎಕ್ಸ್ ಇರಿಸಿ, ಬಂದ ಕೋರಿಕೆಗಳನ್ನು 3000ನೇ ಪೋರ್ಟ್‌ಗೆ ದಾಟಿಸುವಂತೆ ಮಾಡಿದೆ. ಒಂದು ತಿಂಗಳು ಎಲ್ಲವೂ ಚೆನ್ನಾಗಿ ನಡೆಯಿತು. ಒಂದು ಸಂಜೆ ಸಹೋದ್ಯೋಗಿಯೊಬ್ಬರು ವಿನ್ಯಾಸದ ಚಿತ್ರಗಳಿರುವ ಸುಮಾರು 30 ಎಂಬಿಯ ಬದಲಾವಣೆಯನ್ನು ಪುಶ್ ಮಾಡಲು ಹೋದಾಗ, ವಸ್ತುಗಳನ್ನು ಎಣಿಸಿ, ಸಂಕುಚಿಸಿ, ಕಳುಹಿಸುತ್ತಿದ್ದ ಗಿಟ್ ಕೊನೆಯ ಹೆಜ್ಜೆಯಲ್ಲಿ 413 ಎಂಬ ದೋಷಸಂಖ್ಯೆ ತೋರಿಸಿ ನಿಂತುಬಿಟ್ಟಿತು. ಅವರು ಮತ್ತೆ ಪ್ರಯತ್ನಿಸಿದರು, ಅದೇ ಉತ್ತರ. ನನ್ನ ಯಂತ್ರದಿಂದ ನಾಲ್ಕು ಸಾಲಿನ ತಿದ್ದುಪಡಿಯೊಂದನ್ನು ಪುಶ್ ಮಾಡಿ ನೋಡಿದೆ, ಅದು ಸಲೀಸಾಗಿ ಹೋಯಿತು. ಗಿಟೀ ಲಾಗ್‌ನಲ್ಲಿ ಈ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಲಾಗ್‌ನ ಆ ಮೌನದಲ್ಲೇ ಉತ್ತರವಿತ್ತು: ಕೋರಿಕೆ ಗಿಟೀವರೆಗೆ ತಲುಪಿಯೇ ಇರಲಿಲ್ಲ. ಎಚ್‌ಟಿಟಿಪಿ ಮೂಲಕ ಪುಶ್ ಮಾಡುವಾಗ ಗಿಟ್ ಎಲ್ಲ ಬದಲಾವಣೆಗಳನ್ನೂ ಒಂದು ಪ್ಯಾಕ್ ಆಗಿ ಕಟ್ಟಿ ಒಂದೇ ಕೋರಿಕೆಯಲ್ಲಿ ಕಳುಹಿಸುತ್ತದೆ. ಎಂಜಿನ್‌ಎಕ್ಸ್ ಮಾತ್ರ ಬೇರೆ ಸೂಚನೆ ಇಲ್ಲದಿದ್ದರೆ 1 ಎಂಬಿ ಮೀರಿದ ಕೋರಿಕೆಯನ್ನು ಬಾಗಿಲಲ್ಲೇ ತಿರಸ್ಕರಿಸುತ್ತದೆ. ದಿನನಿತ್ಯದ ತಿದ್ದುಪಡಿಗಳು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲವಾದ್ದರಿಂದ ನನ್ನ ಸಂರಚನೆಯ ಈ ಕೊರತೆ ಒಂದು ತಿಂಗಳು ಕಣ್ಣಿಗೆ ಬೀಳಲಿಲ್ಲ. ಇಂಥ ಸಂದರ್ಭದಲ್ಲಿ ಗಿಟ್‌ನ ಪೋಸ್ಟ್ ಬಫರ್ ಹಿಗ್ಗಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ಅದು ಕಳುಹಿಸುವವರ ಕಡೆಯ ಸೆಟ್ಟಿಂಗ್, ತಡೆಯುತ್ತಿರುವುದು ಸರ್ವರ್. ಎಂಜಿನ್‌ಎಕ್ಸ್ ಸಂರಚನೆಯಲ್ಲಿ ಕೋರಿಕೆಯ ಗರಿಷ್ಠ ಗಾತ್ರವನ್ನು 512 ಎಂಬಿಗೆ ಏರಿಸಿ ರೀಲೋಡ್ ಮಾಡಿದ ಕೂಡಲೇ ಆ ಪುಶ್ ಹೋಯಿತು. ಅದರ ಜೊತೆಗೆ, ಬಂದ ಕೋರಿಕೆಯನ್ನು ಪೂರ್ತಿ ಡಿಸ್ಕ್‌ಗೆ ಬರೆದುಕೊಂಡ ನಂತರವೇ ಹಿಂದಕ್ಕೆ ದಾಟಿಸುವ ಎಂಜಿನ್‌ಎಕ್ಸ್‌ನ ರೂಢಿಯನ್ನೂ ಈ ತಾಣದ ಮಟ್ಟಿಗೆ ನಿಲ್ಲಿಸಿದೆ.

ಬಳಸುವವರ ಕಡೆಯಿಂದ ನೋಡಿದರೆ ದೂರುವಂಥದ್ದು ಕಡಿಮೆ. ಪುಲ್ ರಿಕ್ವೆಸ್ಟ್ (ತಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳುವಂತೆ ಕೋರುವ) ಪುಟ ಬೇಗ ತೆರೆಯುತ್ತದೆ, ಸಾಲಿನ ಪಕ್ಕದಲ್ಲೇ ಟಿಪ್ಪಣಿ ಬರೆಯಬಹುದು, ಕೋಡ್‌ನ ಮುಖ್ಯ ಬ್ರಾಂಚ್‌ಗೆ (ಕವಲಿಗೆ) ನೇರವಾಗಿ ಪುಶ್ ಆಗದಂತೆ ಕಾವಲಿಡಬಹುದು. ಯಾರಿಗೆ ಏನು ಅಧಿಕಾರ ಎಂಬುದನ್ನು ಈಗ ರೆಪಾಸಿಟರಿಯ ಒಡೆಯರೇ ನಿರ್ಧರಿಸುತ್ತಾರೆ, ನನ್ನನ್ನು ಕರೆಯುವ ಅಗತ್ಯವಿಲ್ಲ. ನನಗೆ ಅತಿ ಹೆಚ್ಚು ನೆಮ್ಮದಿ ತಂದದ್ದು ಇದೇ. 2023ರಲ್ಲಿ ಬಂದ 1.19ನೇ ಆವೃತ್ತಿಯಿಂದ ಆಕ್ಷನ್ಸ್ ಎಂಬ ಸ್ವಯಂಚಾಲಿತ ಪರೀಕ್ಷೆಯ ಸೌಲಭ್ಯವೂ ಸೇರಿದೆ. ಅದಕ್ಕೆ ರನ್ನರ್ ಎಂಬ ಪ್ರತ್ಯೇಕ ಪ್ರೋಗ್ರಾಂ ಓಡಿಸಬೇಕು. ಅದನ್ನು ರೆಪಾಸಿಟರಿಗಳಿರುವ ಯಂತ್ರದಲ್ಲಿ ಇರಿಸಬಾರದೆಂದು ಒತ್ತಿ ಹೇಳುತ್ತೇನೆ, ಏಕೆಂದರೆ ಪುಶ್ ಮಾಡಿದವರು ಬರೆದ ಕೋಡ್ ಯಾವುದಿದ್ದರೂ ಅದನ್ನು ಓಡಿಸುವುದೇ ರನ್ನರ್‌ನ ಕೆಲಸ. ಗಿಟ್‌ಹಬ್‌ಗಾಗಿ ಬರೆದ ಪರೀಕ್ಷಾ ಫೈಲ್‌ಗಳು ಬಹುಪಾಲು ಹಾಗೆಯೇ ನಡೆಯುತ್ತವೆಯಾದರೂ ಪೂರ್ತಿ ಹೊಂದಿಕೆ ಇಲ್ಲ, ಒಂದೊಂದನ್ನೂ ಓಡಿಸಿ ನೋಡಲೇಬೇಕು.

ಯೋಜನೆಯ ಇತಿಹಾಸವನ್ನೂ ತಿಳಿದು ಆರಿಸಿಕೊಳ್ಳುವುದು ಒಳ್ಳೆಯದು. ಗಾಗ್ಸ್ ಎಂಬ ಹಳೆಯ ತಂತ್ರಾಂಶದಿಂದ 2016ರಲ್ಲಿ ಕವಲೊಡೆದು ಹುಟ್ಟಿದ್ದು ಗಿಟೀ. 2022ರಲ್ಲಿ ಗಿಟೀ ಹೆಸರು ಮತ್ತು ತಾಣದ ಒಡೆತನ ಒಂದು ಕಂಪನಿಯ ಕೈಗೆ ಹೋದಾಗ ಅದನ್ನು ಒಪ್ಪದ ಸ್ವಯಂಸೇವಕರು ಫೋರ್ಜೇಯೊ ಎಂಬ ಹೊಸ ಕವಲು ಆರಂಭಿಸಿದರು, 2024ರ ಆರಂಭದಲ್ಲಿ ಅದು ಪೂರ್ತಿ ಬೇರೆಯಾಯಿತು. ಗಿಟೀ ಇಂದಿಗೂ ಎಂಐಟಿ ಪರವಾನಗಿಯಲ್ಲಿ ಲಭ್ಯವಿದೆ, ಫೋರ್ಜೇಯೊ ಜಿಪಿಎಲ್‌ಗೆ ಬದಲಾಗಿದೆ. ಎರಡರ ನಡುವೆ ತೂಗುತ್ತಿರುವವರು ಬೇಗ ನಿರ್ಧರಿಸಬೇಕು: ಗಿಟೀ 1.22ರವರೆಗಿನ ಸರ್ವರ್‌ಗಳನ್ನು ಫೋರ್ಜೇಯೊಗೆ ನೇರವಾಗಿ ದಾಟಿಸಲು ದಾರಿಯಿತ್ತು, 1.23ರಿಂದ ಮುಂದಕ್ಕೆ ಡೇಟಾಬೇಸ್ ರಚನೆಗಳು ಹೊಂದುವುದಿಲ್ಲ. ನಾವು ಗಿಟೀಯಲ್ಲೇ ಉಳಿದೆವು. ಇಂದು ಹೊಸದಾಗಿ ಶುರುಮಾಡುವುದಾದರೆ ಎರಡನ್ನೂ ಒಂದು ವಾರ ಓಡಿಸಿ ನೋಡುತ್ತಿದ್ದೆ.

ಇಂಥ ತಂತ್ರಾಂಶವನ್ನು ನಾನು ಅಳೆಯುವುದು ಮುಖಪುಟದ ಚೆಲುವಿನಿಂದಲ್ಲ, ಯಂತ್ರ ಕೆಟ್ಟ ದಿನ ನಮ್ಮ ಕೆಲಸವನ್ನು ಎಷ್ಟು ಬೇಗ ಹಿಂದಿರುಗಿಸುತ್ತದೆ ಎಂಬುದರಿಂದ. ಈ ವಿಷಯದಲ್ಲಿ ಗಿಟೀಯ ದೊಡ್ಡ ಗುಣವೆಂದರೆ ರೆಪಾಸಿಟರಿಗಳನ್ನು ಅದು ತನ್ನದೇ ಆದ ಯಾವುದೋ ರೂಪದಲ್ಲಿ ಬಚ್ಚಿಡುವುದಿಲ್ಲ. ಡಿಸ್ಕ್‌ನಲ್ಲಿ ಅವು ಸಾಧಾರಣ ಬೇರ್ ರೆಪಾಸಿಟರಿಗಳಾಗಿಯೇ ಇರುತ್ತವೆ, ವಿಕಿ ಪುಟಗಳೂ ಹಾಗೆಯೇ. ಗಿಟೀ ಇಲ್ಲದಿದ್ದರೂ ಗಿಟ್ ಒಂದಿದ್ದರೆ ಅವನ್ನು ಕ್ಲೋನ್ ಮಾಡಿಕೊಳ್ಳಬಹುದು, ಡೇಟಾಬೇಸ್ ಪೂರ್ತಿ ಕಳೆದುಹೋದರೂ ಹೊಸ ಗಿಟೀಗೆ ಆ ಫೋಲ್ಡರ್‌ಗಳನ್ನು ದತ್ತು ಕೊಡಬಹುದು. ಆದರೆ ಇಶ್ಯೂಗಳು (ದೋಷ, ಕೆಲಸಗಳ ಕುರಿತ ಚರ್ಚೆಗಳು), ವಿಮರ್ಶೆಯ ಟಿಪ್ಪಣಿಗಳು, ಅನುಮತಿಗಳು ಡೇಟಾಬೇಸ್‌ನಲ್ಲಿಯೇ ಇರುತ್ತವೆ. ಎರಡು ವರ್ಷದ ಚರ್ಚೆಯೆಲ್ಲ ಅಲ್ಲೇ ಇರುವಾಗ ಅದನ್ನು ಕೋಡ್‌ಗಿಂತ ಕಡಿಮೆಯೆಂದು ಎಣಿಸಲಾಗದು.

ಇದಕ್ಕಾಗಿ ಗಿಟೀಯಲ್ಲಿ ಡಂಪ್ ಎಂಬ ಆದೇಶವಿದೆ: ಡೇಟಾಬೇಸ್, ರೆಪಾಸಿಟರಿಗಳು, ಲಗತ್ತುಗಳು ಮತ್ತು ಸಂರಚನಾ ಫೈಲ್ ಎಲ್ಲವನ್ನೂ ಸೇರಿಸಿ ಒಂದು ಜಿಪ್ ಕಟ್ಟಿಕೊಡುತ್ತದೆ. ಸೇವೆ ಓಡುತ್ತಿರುವಾಗಲೇ ಇದನ್ನು ನಡೆಸಿದರೆ ಡೇಟಾಬೇಸ್ ಒಂದು ಕ್ಷಣದ್ದು, ರೆಪಾಸಿಟರಿ ಇನ್ನೊಂದು ಕ್ಷಣದ್ದು ಆಗುವ ಅಪಾಯವಿರುವುದರಿಂದ ನಾವು ರಾತ್ರಿ ಕೆಲ ನಿಮಿಷ ಸೇವೆಯನ್ನು ನಿಲ್ಲಿಸಿಯೇ ಡಂಪ್ ತೆಗೆಯುತ್ತೇವೆ. ಕೊರತೆಯೆಂದರೆ, ಕಟ್ಟಿಕೊಡುವ ಆದೇಶವಿದೆಯೇ ಹೊರತು ಬಿಚ್ಚಿ ಸ್ವಸ್ಥಾನದಲ್ಲಿ ಕೂರಿಸುವ ಆದೇಶವಿಲ್ಲ. ಮರುಸ್ಥಾಪನೆಯ ಪ್ರತಿ ಹೆಜ್ಜೆಯನ್ನೂ ಕೈಯಿಂದಲೇ ಮಾಡಬೇಕು. ಇಷ್ಟು ಪ್ರಬುದ್ಧವಾದ ತಂತ್ರಾಂಶದಲ್ಲಿ ಇದೊಂದು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮೊದಲ ಸಲ ಇನ್ನೊಂದು ಯಂತ್ರದಲ್ಲಿ ಮರುಸ್ಥಾಪಿಸಿ ನೋಡಿದಾಗ ಜಿಪ್ ಬಿಚ್ಚಿ, ಫೋಲ್ಡರ್‌ಗಳನ್ನು ಸ್ವಸ್ಥಾನಕ್ಕೆ ಸರಿಸಿ, ಒಡೆತನವನ್ನು ಗಿಟ್ ಬಳಕೆದಾರನಿಗೆ ಕೊಟ್ಟು, ಡೇಟಾಬೇಸ್ ತುಂಬಿ ಸೇವೆ ಆರಂಭಿಸಿದೆ. ಪುಟಗಳೆಲ್ಲ ಕಂಡವು, ಕ್ಲೋನ್ ಆಯಿತು, ಪುಶ್ ಮಾತ್ರ ‘ಹುಕ್ ನಿರಾಕರಿಸಿತು’ ಎಂಬ ಸಂದೇಶದೊಂದಿಗೆ ಹಿಂದಿರುಗಿತು. ಪುಶ್‌ನಂಥ ಘಟನೆ ನಡೆದಾಗ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟೇ ಹುಕ್. ಪ್ರತಿ ರೆಪಾಸಿಟರಿಯ ಹುಕ್ ಫೋಲ್ಡರ್‌ನಲ್ಲಿಯೂ ಗಿಟೀ ಒಂದು ಪುಟ್ಟ ಸ್ಕ್ರಿಪ್ಟ್ ಇರಿಸುತ್ತದೆ. ಅದನ್ನು ತೆರೆದು ಓದಿದಾಗ ಹಳೆಯ ಯಂತ್ರದಲ್ಲಿ ಗಿಟೀ ಫೈಲ್ ಎಲ್ಲಿತ್ತೋ ಆ ಪೂರ್ಣ ಹಾದಿ ಹಾಗೆಯೇ ಬರೆದಿತ್ತು. ಹೊಸ ಯಂತ್ರದಲ್ಲಿ ನಾನು ಅದನ್ನು ಬೇರೆ ಫೋಲ್ಡರ್‌ನಲ್ಲಿ ಇರಿಸಿದ್ದೆ. ಹುಕ್‌ಗಳನ್ನು ಮತ್ತೆ ಬರೆಯುವ ಆದೇಶ ಗಿಟೀಯಲ್ಲೇ ಇದೆ, ಎಸ್‌ಎಸ್‌ಎಚ್ ಕೀಲಿಗಳ ಫೈಲ್‌ಗೂ ಅಂಥದ್ದೇ ಇನ್ನೊಂದಿದೆ. ಎರಡನ್ನೂ ನಡೆಸಿದ ಮೇಲೆ ಪುಶ್ ಹೋಯಿತು. ಸಂರಚನಾ ಫೈಲ್‌ನಲ್ಲಿರುವ ರಹಸ್ಯ ಕೀಲಿಯನ್ನು ಬದಲಿಸದೆ ಹಾಗೆಯೇ ತಂದದ್ದು ಒಳ್ಳೆಯದಾಯಿತು, ಅದು ಕಳೆದಿದ್ದರೆ ಎಲ್ಲರ ಎರಡು ಹಂತದ ದೃಢೀಕರಣವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತಿತ್ತು.

ಈಗ ಮೂರು ತಿಂಗಳಿಗೊಮ್ಮೆ ಆ ಪಕ್ಕದ ಯಂತ್ರದಲ್ಲಿ ಇದನ್ನೇ ಮತ್ತೆ ಮಾಡುತ್ತೇವೆ, ಪ್ರತಿ ಸಲವೂ ತಂಡದ ಬೇರೊಬ್ಬರು. ಅನುಸರಿಸಬೇಕಾದ ಹೆಜ್ಜೆಗಳ ಪಟ್ಟಿಯನ್ನು ಮೊದಲು ಗಿಟೀಯ ವಿಕಿ ಪುಟವೊಂದರಲ್ಲೇ ಬರೆದಿಟ್ಟಿದ್ದೆವು. ಸರ್ವರ್ ನಿಂತಿರುವ ದಿನ ಆ ಪುಟವೂ ತೆರೆಯದು ಎಂದು ಎರಡನೆಯ ಅಭ್ಯಾಸದಲ್ಲಿ ಒಬ್ಬರು ನೆನಪಿಸಿದ ಮೇಲೆ ಅದರ ಒಂದು ಪ್ರತಿಯನ್ನು ಮುದ್ರಿಸಿ, ಬ್ಯಾಕಪ್ ಡಿಸ್ಕ್ ಇರುವ ಪೆಟ್ಟಿಗೆಯೊಳಗೆ ಇರಿಸಿದ್ದೇವೆ.