ವಾಕಿಂಗ್ ಮಾಡೋರಿಗೂ ವೇಟ್ಸ್ ಎತ್ತೋರಿಗೂ, ತುಮಕೂರು ಎಸ್.ಎಸ್. ಪುರಂ ಕಡೆಯ ಜಿಮ್ ರಿವ್ಯೂ

ನಾನು, ನನ್ ತಮ್ಮ, ಅಮ್ಮ ಮೂರೂ ಜನ ಇಲ್ಲಿಗೇ ಹೋಗ್ತಿದೀವಿ. ಸೇರಿದ ದಿನ ಬರೀ ತೂಕ ನೋಡಿ ಡಯಟ್ ಚಾರ್ಟ್ ಕೈಗಿಟ್ಟು ಕಳಿಸಲ್ಲ, ದಮ್ಮು ಎಷ್ಟಿದೆ ಶಕ್ತಿ ಎಷ್ಟಿದೆ ಎರಡನ್ನೂ ಬೇರೆ ಬೇರೆ ನೋಡ್ತಾರೆ. 3 ನಿಮಿಷ ಸ್ಟೆಪ್ ಹತ್ತಿ ಇಳಿಸಿ ನಾಡಿ ಎಣಿಸ್ತಾರೆ, ಆಮೇಲೆ ಕೈ ಹಿಡಿತ ಅಳೆಯೋ ಮೀಟರ್ ಅದುಮಿಸ್ತಾರೆ, 30 ಸೆಕೆಂಡಲ್ಲಿ ಕೈ ಊರದೇ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರ್ತೀರ ಅಂತ ಲೆಕ್ಕ ಹಾಕ್ತಾರೆ.

ಅಮ್ಮ ವರ್ಷಗಟ್ಟಲೆ ಅಮಾನಿಕೆರೆ ಹತ್ರ ವಾಕ್ ಮಾಡೋರು, ಸ್ಟೆಪ್ ಟೆಸ್ಟ್ ಆರಾಮಾಗಿ ಆಯ್ತು, ಕುರ್ಚಿ ಟೆಸ್ಟಲ್ಲಿ ತೊಡೆ ನಡುಗೋಕೆ ಶುರು. ತಮ್ಮ ಪೂರ್ತಿ ಉಲ್ಟಾ, ಡೆಡ್‌ಲಿಫ್ಟ್ (ನೆಲದಿಂದ ಭಾರದ ರಾಡ್ ಎತ್ತೋದು) ಸಖತ್ತಾಗಿ ಮಾಡ್ತಾನೆ, ಆದ್ರೆ ದೇವರಾಯನದುರ್ಗದಲ್ಲಿ ಮೇಲಿನ ಯೋಗಾನರಸಿಂಹಸ್ವಾಮಿ ಗುಡಿ ಮೆಟ್ಟಿಲು ಹತ್ತೋವಾಗ ಅಲ್ಲಲ್ಲೇ ಕೂತ್ಕೊಂಡು ಏದುಸಿರು ಬಿಡ್ತಾನೆ.

ಟ್ರೈನರ್ ಇದನ್ನ ಬಿಡಿಸಿ ಹೇಳಿದ್ದು ನಂಗೆ ತುಂಬಾ ಇಷ್ಟ ಆಯ್ತು. ಹೃದಯ, ಶ್ವಾಸಕೋಶ ಆಕ್ಸಿಜನ್ ತಲುಪಿಸ್ತವೆ ಸರಿ, ಆದ್ರೆ ಓಡೋವಾಗ ಅದರ ಬಹುಪಾಲು ಖರ್ಚಾಗೋದು ಮಾಂಸಖಂಡದಲ್ಲೇ, ವಯಸ್ಸಾಗ್ತಾ ಮಸಲ್ ಕರಗಿದ್ರೆ ಸ್ಟ್ಯಾಮಿನಾನೂ ಅದರ ಜೊತೆ ಇಳಿಯತ್ತೆ. ಕಾಲಲ್ಲಿ ಬಲ ಇದ್ರೆ ಒಂದೊಂದು ಮೆಟ್ಟಿಲಿಗೂ ಇರೋ ಶಕ್ತೀಲಿ ಸ್ವಲ್ಪವೇ ಸಾಕು, ಹಂಗಾಗಿ ಬೇಗ ಸುಸ್ತಾಗಲ್ಲ. ಅದೇ ತರ ಕಾರ್ಡಿಯೋ, ಅಂದ್ರೆ ಓಟ ಸೈಕಲ್ ತರದ ದಮ್ಮಿನ ವ್ಯಾಯಾಮ, ಚೆನ್ನಾಗಿದ್ರೆ ವೇಟ್ಸ್ ಎತ್ತೋವಾಗ ಒಂದು ಸುತ್ತಿಗೂ (ಸೆಟ್) ಇನ್ನೊಂದಕ್ಕೂ ಮಧ್ಯೆ ಬೇಗ ಚೇತರಿಸ್ಕೋತೀರ.

ಕಾರ್ಡಿಯೋ ಮಾಡಿದ್ರೆ ಮಸಲ್ ಹೋಗತ್ತೆ ಅನ್ನೋದು ತಮ್ಮನ ಭಯ. 1980ರಲ್ಲಿ ಹಿಕ್ಸನ್ ಅನ್ನೋ ವಿಜ್ಞಾನಿ 10 ವಾರ ನಡೆಸಿದ ಪ್ರಯೋಗದಿಂದ ಈ ಮಾತು ಹಬ್ಬಿದ್ದು, ಎರಡೂ ಮಾಡಿದವರ ಕಾಲಿನ ಬಲ ಕೊನೇ ವಾರಗಳಲ್ಲಿ ಇಳೀತು ನಿಜ, ಆದ್ರೆ ಅವರು ವಾರಕ್ಕೆ 5 ದಿನ ವೇಟ್ಸ್, 6 ದಿನ ಜೋರು ಓಟ ಸೈಕ್ಲಿಂಗ್ ಮಾಡ್ತಿದ್ರು! ಕೆಲಸಕ್ಕೆ ಹೋಗೋ ನಮ್ಮಂಥವರು ಅಷ್ಟೆಲ್ಲಾ ಎಲ್ಲಿ ಮಾಡ್ತೀವಿ. ಇಲ್ಲಿ ಕೊಡೋ ಪ್ಲಾನ್ ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2020ರಲ್ಲಿ ಹೇಳಿದ್ದನ್ನೇ ಹೋಲತ್ತೆ, ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಏರೋಬಿಕ್ (ಕಾರ್ಡಿಯೋನೇ), ಜೊತೆಗೆ ಕನಿಷ್ಠ 2 ದಿನ ಸ್ಟ್ರೆಂತ್, ಅಂದ್ರೆ ಬಲದ ವ್ಯಾಯಾಮ. ತಮ್ಮಂಗೆ ವೇಟ್ಸ್ ಮೊದ್ಲು, ಸೈಕಲ್ ಆಮೇಲೆ. ಅಮ್ಮಂಗೆ ಕುರ್ಚಿ ಸ್ಕ್ವಾಟ್‌ನಿಂದ (ಕುರ್ಚೀಲಿ ಕೂತು ಏಳೋದು) ಶುರು ಮಾಡಿಸಿ ಈಗ ಕೈಯಲ್ಲಿ ಡಂಬೆಲ್ ಕೊಟ್ಟಿದಾರೆ, "ಅಮ್ಮಾ, ಉಸಿರು ಹಿಡೀಬೇಡಿ, ನಿಧಾನ" ಅಂತ ಪಕ್ಕದಲ್ಲೇ ನಿಂತಿರ್ತಾರೆ, ಆ ತಾಳ್ಮೆ ನೋಡಿ ಖುಷಿ ಆಗತ್ತೆ. ಈಗ ಅಮ್ಮ ಪೂಜೆಗೆ ನೆಲದ ಮೇಲೆ ಕೂತ್ರೆ ಯಾರನ್ನೂ ಕರೀದೇ ಎದ್ದೇಳ್ತಾರೆ.

ಕೊರತೆ ಅಂದ್ರೆ ಸಂಜೆ ವಿಪರೀತ ರಶ್, ಸ್ಕ್ವಾಟ್ ರ್‍ಯಾಕ್‌ಗೆ ಕಾಯ್ಬೇಕು, ಗಾಡಿ ನಿಲ್ಸೋಕೆ ಜಾಗ ಇಲ್ಲ, ಫ್ಯಾನ್ ಸಾಲಲ್ಲ. ಫೀಸೂ ಸ್ವಲ್ಪ ಜಾಸ್ತಿನೇ. ಐದಕ್ಕೆ ನಾಲ್ಕು ಸ್ಟಾರ್. ಹೋಗೋದಾದ್ರೆ ಬೆಳಗ್ಗೆ ಬ್ಯಾಚ್ ಕೇಳಿ, ಬಿಪಿ ಶುಗರ್ ಮಾತ್ರೆ ತಗೊಳ್ತಿದ್ರೆ ಟೆಸ್ಟ್‌ಗೆ ಮುಂಚೆನೇ ಹೇಳ್ಬಿಡಿ.