ಎಚ್ಚರ: ಹ್ಯಾಲೊಜೆನ್-ಫ್ರೀ ಎಫ್‌ಆರ್ (ಪ್ಲಾಸ್ಟಿಕ್‌ಗೆ ಬೆರೆಸುವ, ಬೆಂಕಿ ತಡೆಯುವ ಪುಡಿ) ಅಂತ ಸುಣ್ಣದ ಕಲ್ಲಿನ ಪುಡಿ ಮಾರುತ್ತಿದ್ದಾರೆ

ಕಪನೂರು, ನಂದೂರು, ಕೊಲ್ಹಾರ, ಕಡೇಚೂರು ಕಡೆ ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಅಥವಾ ಕೇಬಲ್ ಕಾಂಪೌಂಡ್ ಓಡಿಸುವವರು ದಯವಿಟ್ಟು ಪೂರ್ತಿ ಓದಿ. ಎಂಡಿಎಚ್, ಅಂದರೆ ಮೆಗ್ನೀಷಿಯಂ ಹೈಡ್ರಾಕ್ಸೈಡ್ ಅಂತ ಬಿಲ್ ಹಾಕಿ, ಎಟಿಎಚ್‌ಗೆ (ಅಲ್ಯೂಮಿನಿಯಂ ಹೈಡ್ರಾಕ್ಸೈಡ್) ಸುಣ್ಣದ ಕಲ್ಲಿನ ಪುಡಿ ಬೆರೆಸಿ ಕಳಿಸುವ ಸಪ್ಲೈಯರ್ ಒಬ್ಬ ನಮ್ಮ ಭಾಗದಲ್ಲಿ ಓಡಾಡುತ್ತಿದ್ದಾನೆ. ಕಲಬುರಗಿಗೆ ಬಂದದ್ದು ಒಂದು ಟನ್, 25 ಕೆಜಿಯ 40 ಚೀಲ. ಹಾಳಾದದ್ದು ಬರೀ ಪುಡಿಯಲ್ಲ. ಅದರ ಜೊತೆ ಪಿಪಿ ಹೋಯಿತು, ಪುಡಿಯನ್ನು ಪ್ಲಾಸ್ಟಿಕ್‌ಗೆ ಅಂಟಿಸುವ ಕಪ್ಲರ್ ಹೋಯಿತು, ಕರೆಂಟು ಹೋಯಿತು, ಪಾರ್ಟಿ ಎದುರಿಗೆ ಮರ್ಯಾದೆಯೂ ಹೋಯಿತು.

ಜಂಕ್ಷನ್ ಬಾಕ್ಸ್‌ನ ಕಾಂಪೌಂಡ್ ಅದು. ತೂಕದಲ್ಲಿ 60 ಭಾಗ ಎಂಡಿಎಚ್, 37 ಪಿಪಿ, 3 ಮೆಲೆಯಿಕ್ ಕಪ್ಲರ್. ಟ್ವಿನ್ ಸ್ಕ್ರೂ ಮಷಿನ್ (ಕರಗಿಸಿ, ಬೆರೆಸಿ, ಎಳೆಯಾಗಿ ಹೊರತಳ್ಳುವುದು), ಬ್ಯಾರೆಲ್ 190ರಿಂದ 215 ಡಿಗ್ರಿ. ಅಸಲಿ ಎಂಡಿಎಚ್ 300 ಡಿಗ್ರಿಯ ಆಸುಪಾಸಿಗೆ ಹೋಗುವವರೆಗೂ ತನ್ನೊಳಗಿನ ನೀರು ಬಿಡುವುದಿಲ್ಲ. ಪಿಪಿಗೆ ಅದನ್ನೇ ಹೆಚ್ಚು ದುಡ್ಡು ಕೊಟ್ಟು ತರುವುದು ಇದಕ್ಕೇ. ಎಟಿಎಚ್ 200ರ ಸುಮಾರಿಗೇ ಬಿಡತೊಡಗುತ್ತದೆ. ಕಡಿಮೆ ಶಾಖಕ್ಕೆ ಕರಗುವ ಇವಿಎ ಪ್ಲಾಸ್ಟಿಕ್‌ನಲ್ಲಿ 170ಕ್ಕೆ ಓಡಿಸಿದರೆ ಅದೂ ಒಳ್ಳೆಯ ಮಾಲೇ, ಪಿಪಿಯಲ್ಲಿ ನಡೆಯುವುದಿಲ್ಲ. ಇಲ್ಲಿ ಡೈ ಬಾಯಲ್ಲಿ ಚಟಚಟ ಸದ್ದು, ವೆಂಟ್‌ನಿಂದ ಆವಿ, ಎಳೆಯೆಲ್ಲ ಊದಿ ತೂತು ತೂತು. ನೀರಿನ ಬಾತ್‌ನಲ್ಲಿ ಎಳೆ ತೇಲುತ್ತಿತ್ತು! 60 ಭಾಗ ಖನಿಜ ತುಂಬಿದ ಎಳೆ ಕಲ್ಲಿನ ಹಾಗೆ ಮುಳುಗಬೇಕು.

ಫೋನ್ ಮಾಡಿದರೆ ಅವನ ಮೊದಲ ಉತ್ತರ: "ಮಾಲಿಗಿ ತೇವ ಹಿಡದದ ಸರ್, 80 ಡಿಗ್ರಿಯೊಳಗ ನಾಕು ತಾಸು ಒಣಗಿಸ್ರಿ." ಒಣಗಿಸಿದರೂ ಅದೇ ಗತಿ. 80 ಡಿಗ್ರಿಗೆ ಹೋಗುವುದು ಮೇಲೆ ಅಂಟಿದ ತೇವ ಮಾತ್ರ. ಹೈಡ್ರಾಕ್ಸೈಡ್ ಒಳಗೆ ಕಟ್ಟಿಕೊಂಡಿರುವ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಎರಡನೇ ಉತ್ತರ: "ನಿಮ್ಮ ಮಷಿನ್ ಹೀಟ್ ಜಾಸ್ತಿ ಅದ, 185ಕ್ಕ ಇಳಸ್ರಿ." ಇಳಿಸಿದರೆ ನೊರೆ ನಿಂತಿತು, ಆದರೆ ಮಷಿನ್ ಮೇಲೆ ಹೊರೆ (ಟಾರ್ಕ್) ಏರಿತು, ಔಟ್‌ಪುಟ್ ಬಿದ್ದುಹೋಯಿತು. ಆ ಕಾಂಪೌಂಡ್‌ನಿಂದ 1.6 ಮಿಮೀ ಪಟ್ಟಿ ಮಾಡಿ ಯುಎಲ್ 94 ಎಂಬ ಬೆಂಕಿ ಪರೀಕ್ಷೆಯ ರೀತಿ ಉರಿಸಿದ್ದಾಯಿತು. 125 ಮಿಮೀ ಉದ್ದ, 13 ಮಿಮೀ ಅಗಲದ ಪಟ್ಟಿಯನ್ನು ಕ್ಲಾಂಪ್‌ಗೆ ನೇತುಹಾಕಿ, ನೇರ ಕೆಳಗೆ 300 ಮಿಮೀ ದೂರದಲ್ಲಿ ಹತ್ತಿ, 10 ಸೆಕೆಂಡಿನಂತೆ ಎರಡು ಸಲ ಜ್ವಾಲೆ. ವಿ-0, ಅಂದರೆ ಈ ಪರೀಕ್ಷೆಯ ಮೇಲಿನ ದರ್ಜೆ, ಸಿಗಬೇಕಾದರೆ ಪ್ರತಿ ಸಲವೂ 10 ಸೆಕೆಂಡಿನೊಳಗೆ ಆರಬೇಕು, ಹನಿ ಬಿದ್ದು ಹತ್ತಿ ಹತ್ತಿಕೊಳ್ಳಬಾರದು. ಇದು ಮೊದಲ ಸಲಕ್ಕೇ ಕ್ಲಾಂಪ್‌ವರೆಗೆ ಉರಿಯಿತು, ಹತ್ತಿಯೂ ಉರಿಯಿತು.

ಆ ವಿಡಿಯೋ ಕಳಿಸಿದ ಮೇಲೆ ಬಂದ ಉತ್ತರ ಇದು, ಇದನ್ನು ಓದಿದಾಗಲೇ ಮೈ ಉರಿದದ್ದು: "ಹ್ಯಾಲೊಜೆನ್ ಇಲ್ಲ ತಾನೇ ಸರ್? ಬೇಕಿದ್ರ ಟೆಸ್ಟ್ ಮಾಡಿಸ್ರಿ, ಸಿಕ್ಕರ ರೊಕ್ಕ ವಾಪಸ್." ಹೌದು, ಇಲ್ಲ! ಕ್ಲೋರಿನ್ ಇಲ್ಲ, ಬ್ರೋಮಿನ್ ಇಲ್ಲ. ಸುಣ್ಣದ ಕಲ್ಲಿನಲ್ಲಿ ಎಲ್ಲಿಂದ ಬರಬೇಕು? ಅವನು ಹೇಳಿದ ಒಂದೇ ನಿಜ ಅದು, ಅದನ್ನೇ ಹಿಡಿದುಕೊಂಡು ಕೂತಿದ್ದಾನೆ. ಬೆಂಕಿ ತಡೆಯುವುದು ಹ್ಯಾಲೊಜೆನ್ ಇಲ್ಲದಿರುವುದರಿಂದಲ್ಲ. ಉರಿಯುವಾಗ ಹೈಡ್ರಾಕ್ಸೈಡ್ ಬಿಡುವ ನೀರು ಶಾಖ ಹೀರುತ್ತದೆ, ಆವಿ ಉರಿಯುವ ಗಾಳಿಯನ್ನು ತೆಳುಮಾಡುತ್ತದೆ. ಸುಣ್ಣದ ಕಲ್ಲಿನ ಪುಡಿಯಲ್ಲಿ ಆ ನೀರೇ ಇಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಹಾರ್ಡ್‌ವೇರ್ ಅಂಗಡಿಯ ಆ್ಯಸಿಡ್ ತಂದು, ನೀರಿಗೆ ಸುರಿದು ತೆಳು ಮಾಡಿ, ಕೈಗವಸು ಹಾಕಿ, ಗಾಜಿನ ಲೋಟದಲ್ಲಿ ಒಂದು ಚಮಚ ಪುಡಿಗೆ ಹನಿ ಹಾಕಿ. ಅಸಲಿ ಎಂಡಿಎಚ್ ಸದ್ದಿಲ್ಲದೆ ಕರಗುತ್ತದೆ, ಎಟಿಎಚ್ ಸುಮ್ಮನೆ ತಳದಲ್ಲಿ ಕೂರುತ್ತದೆ. ಈ ಮಾಲು ನಮ್ಮ ಶಹಾಬಾದ್ ಫರಸಿ ಮೇಲೆ ಆ್ಯಸಿಡ್ ಚೆಲ್ಲಿದಾಗ ಏಳುತ್ತದಲ್ಲ, ಅದೇ ಥರ ಬುಸ್ಸೆಂದು ನೊರೆ ಎಬ್ಬಿಸಿತು. (ಹಂಟೈಟ್-ಹೈಡ್ರೊಮ್ಯಾಗ್ನಸೈಟ್ ಅಂತ ಅಸಲಿ ಎಫ್‌ಆರ್ ಒಂದಿದೆ, ಅದು ಕಾರ್ಬೊನೇಟ್ ಆದ್ದರಿಂದ ಅದೂ ಗುಳ್ಳೆ ಬಿಡಬಹುದು. ಆದರೆ ಬಿಲ್‌ನಲ್ಲಿ ಎಂಡಿಎಚ್ ಅಂತಿದ್ದರೆ ಆ ನೆಪಕ್ಕೆ ಜಾಗವಿಲ್ಲ.)

ಎರಡನೆಯದು ತೂಕ. ಒಣಗಿಸಿದ 10 ಗ್ರಾಂ ಪುಡಿಯನ್ನು ಮಫಲ್ ಫರ್ನೆಸ್‌ನಲ್ಲಿ (ಲ್ಯಾಬಿನ ಹೆಚ್ಚು ಶಾಖದ ಕುಲುಮೆ) 550 ಡಿಗ್ರಿಗೆ ಒಂದು ತಾಸು ಇಡಿ. ಅಸಲಿ ಎಂಡಿಎಚ್ ಸುಮಾರು 6.9 ಗ್ರಾಂ ಉಳಿಯುತ್ತದೆ, ಎಟಿಎಚ್ 6.5ರ ಹತ್ತಿರ. ಸುಣ್ಣದ ಕಲ್ಲಿನ ಪುಡಿ ಆ ಶಾಖಕ್ಕೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಇಲ್ಲಿ ಉಳಿದದ್ದು 7.6. ಎಂಡಿಎಚ್ಚೋ ಎಟಿಎಚ್ಚೋ ತಿಳಿಯಲು ಮನೆಯ ಓವನ್ 250 ಡಿಗ್ರಿಗೆ ಮುಟ್ಟಿದರೂ ಸಾಕು. ಕೆಲವು ತಾಸು ಇಟ್ಟರೆ ಎಂಡಿಎಚ್ ತೂಕ ಕದಲುವುದಿಲ್ಲ, ಎಟಿಎಚ್ ಕಾಣುವಷ್ಟು ಇಳಿಯುತ್ತದೆ. ಇದು ಇಳಿಯಿತು. ಎಲ್ಲ ಲೆಕ್ಕ ಹಾಕಿದರೆ ಚೀಲದಲ್ಲಿ ನೂರಕ್ಕೆ 30 ಭಾಗದಷ್ಟು ಸುಣ್ಣದ ಕಲ್ಲು, ಉಳಿದದ್ದು ಎಟಿಎಚ್. 60 ಕೆಜಿ ಎಫ್‌ಆರ್ ಹಾಕಿದ್ದೇವೆ ಅಂದುಕೊಂಡ ಕಡೆ ಬಿದ್ದದ್ದು 42 ಕೆಜಿ. ಅದಕ್ಕೆ ವಿ-0 ಹೇಗೆ ಬಂದೀತು?

ಈ ಅಂಕಿ ಮುಂದಿಟ್ಟಾಗ: "ಹಂಗಾದ್ರ 70 ಭಾಗ ಹಾಕ್ರಿ ಸರ್." ಅಷ್ಟು ಪುಡಿ ಹಾಕಿದರೆ ಪ್ಲಾಸ್ಟಿಕ್ ಪೆಡಸಾಗಿ, ಬಾಕ್ಸ್‌ನಲ್ಲಿ ಸ್ಕ್ರೂ ಕೂರುವ ಗೂಟ (ಬಾಸ್) ಕೈಯಲ್ಲೇ ಮುರಿಯುತ್ತದೆ. ಆಮೇಲೆ, "ಚೀಲ ಬಿಚ್ಚೀರಿ, ವಾಪಸ್ ಆಗಂಗಿಲ್ಲ." ಬಿಚ್ಚದೆ ಪರೀಕ್ಷೆ ಹೇಗೆ ಮಾಡುವುದು ಮಾರಾಯ? ಆಮೇಲೆ ಫೋನೇ ಎತ್ತಲಿಲ್ಲ.

ಅವನ ಲ್ಯಾಬ್ ರಿಪೋರ್ಟ್ ನಂಬಬೇಡಿ. ಅದರಲ್ಲಿ ವಿ-0 ಅಂತಿದೆ, ಎಷ್ಟು ಮಿಮೀ ದಪ್ಪಕ್ಕೆ, ಯಾವ ರೆಸಿನ್‌ನಲ್ಲಿ, ಯಾವ ಬ್ಯಾಚ್, ಒಂದೂ ಇಲ್ಲ. ಹಣ ಕೊಡುವ ಮುಂಚೆ ಪಿಒದಲ್ಲೇ (ಖರೀದಿ ಆರ್ಡರ್) 550 ಡಿಗ್ರಿಯ ತೂಕ ನಷ್ಟ ಇಷ್ಟು, 250ಕ್ಕೆ ಇಷ್ಟು ಅಂತ ಬರೆಸಿ, ಬಂದ ಲಾರಿಯ ನಡುವಿನ ಚೀಲಗಳಿಂದ ಪುಡಿ ತೆಗೆದು ನೋಡಿ. ಸ್ಯಾಂಪಲ್ ನೋಡಿ ಒಪ್ಪಬೇಡಿ: ಅವನು ಮೊದಲು ಕೊಟ್ಟ ಒಂದು ಕೆಜಿ ಪ್ಯಾಕೆಟ್ ಅಪ್ಪಟ ಎಂಡಿಎಚ್, ಈಗಲೂ ಆ್ಯಸಿಡ್‌ಗೆ ಒಂದು ಗುಳ್ಳೆ ಬಿಡುವುದಿಲ್ಲ. ಅದೇ ಥರದ ಪ್ಯಾಕೆಟ್ಟು ಈಗ ಬೀದರ್, ಯಾದಗಿರಿ ಕಡೆ ಹಂಚುತ್ತಿದ್ದಾನಂತೆ.