ಪಾಲಕ್ ಸೊಪ್ಪಿನ ರುಬಿಸ್ಕೊ ಪುಡಿ: ಲೇಬಲ್ ನೋಡದೆ ಆರ್ಡರ್ ಹಾಕಬೇಡಿ

ಜೀವರಸಾಯನ ಸಾಮಗ್ರಿ ಮಾರುವ ಕಂಪನಿಗಳ ಕ್ಯಾಟಲಾಗಿನಲ್ಲಿ ‘ಪಾಲಕ್‌ನಿಂದ ತೆಗೆದದ್ದು, ಭಾಗಶಃ ಶುದ್ಧ’ ಎಂಬ ಷರಾದೊಂದಿಗೆ ರುಬಿಸ್ಕೊ ಪುಡಿ ಸಿಗುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಕಿಣ್ವವೇ ರುಬಿಸ್ಕೊ. ಎಂಎಸ್ಸಿ ಪ್ರಾಯೋಗಿಕ ತರಗತಿಗೆ ಇದು ಧಾರಾಳ ಸಾಕು. ದ್ಯುತಿಸಂಶ್ಲೇಷಣೆಯ ನಿಯಂತ್ರಣವನ್ನೇ ಅಭ್ಯಾಸ ಮಾಡಲು ಹೊರಟವರಿಗೆ ಮಾತ್ರ ಅರ್ಧ ಸಾಮಾನು.

ಮೊದಲು ಯೂನಿಟ್ ಲೆಕ್ಕ. ಒಂದು ಯೂನಿಟ್ ಎಂದರೆ ನಿಮಿಷಕ್ಕೆ ಒಂದು ಮೈಕ್ರೊಮೋಲ್ ಇಂಗಾಲದ ಡೈಆಕ್ಸೈಡ್ ಹಿಡಿಯುವಷ್ಟು ಕಿಣ್ವ. ಇಂಥ ಪುಡಿಯ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ಮಿಲಿಗ್ರಾಮಿಗೆ 0.01ರಿಂದ 0.1 ಯೂನಿಟ್ ಎಂದಿರುತ್ತದೆ. ಪಾಲಕ್ ರುಬಿಸ್ಕೊದ ಅಣುತೂಕ ಸುಮಾರು 550 ಕಿಲೊಡಾಲ್ಟನ್. ಎಂಟು ಸಕ್ರಿಯ ತಾಣಗಳು. ಒಂದೊಂದು ತಾಣ ಸೆಕೆಂಡಿಗೆ ಹಿಡಿಯುವುದು ಮೂರರ ಆಸುಪಾಸಿನ ಇಂಗಾಲದ ಡೈಆಕ್ಸೈಡ್ ಅಣು. ಗುಣಿಸಿ ನೋಡಿದರೆ ಅಪ್ಪಟ ಕಿಣ್ವ ಮಿಲಿಗ್ರಾಮಿಗೆ 2.6 ಯೂನಿಟ್ ಕೊಡಬೇಕು. ಅಂದರೆ ಒಳ್ಳೆಯ ಲಾಟ್ (ಒಂದೇ ಸಲ ತಯಾರಾದ ಕಂತು) ಕೂಡ ಅದರ ನಾಲ್ಕು ಶೇಕಡಾ ಮುಟ್ಟುವುದಿಲ್ಲ. (ಇಷ್ಟು ಸೋಮಾರಿ ಕಿಣ್ವವನ್ನು ಇಟ್ಟುಕೊಂಡೇ ಎಲೆ ಬದುಕುತ್ತದೆ, ಕರಗುವ ಪ್ರೋಟೀನಿನ ಅರ್ಧದಷ್ಟನ್ನು ಇದಕ್ಕೇ ಸುರಿಯುವುದು ಅದಕ್ಕಾಗಿಯೇ.) ಲಾಟಿನಿಂದ ಲಾಟಿಗೆ ಹತ್ತು ಪಟ್ಟು ವ್ಯತ್ಯಾಸ ಇರಬಹುದಾದ್ದರಿಂದ ಮಿಲಿಗ್ರಾಮಿನ ಬೆಲೆ ಹೋಲಿಸುವುದು ವ್ಯರ್ಥ. ಲಾಟಿನ ಪ್ರಮಾಣಪತ್ರ ತರಿಸಿಕೊಂಡು ಯೂನಿಟ್ಟಿಗೆ ಎಷ್ಟು ಬೀಳುತ್ತದೆ ನೋಡಿ.

‘ಪುಡಿ ಸತ್ತಿದೆ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಪುಡಿಯಲ್ಲ, ಬೆರೆಸಿದ ಕ್ರಮ. ರುಬಿಸ್ಕೊದ 201ನೇ ಅಮೈನೊ ಆಮ್ಲವಾದ ಲೈಸಿನ್‌ಗೆ ಮೊದಲು ಒಂದು ಇಂಗಾಲದ ಡೈಆಕ್ಸೈಡ್ ಅಂಟಬೇಕು, ಅದರ ಮೇಲೆ ಮೆಗ್ನೀಸಿಯಂ ಕೂರಬೇಕು. ಆಮೇಲಷ್ಟೇ ತಾಣ ತೆರೆಯುತ್ತದೆ. ಅದಕ್ಕೂ ಮುಂಚೆ ರಿಬ್ಯುಲೋಸ್ ಬಿಸ್‌ಫಾಸ್ಫೇಟ್, ಅಂದರೆ ಆರ್‌ಯುಬಿಪಿ (ರುಬಿಸ್ಕೊ ಇಂಗಾಲದ ಡೈಆಕ್ಸೈಡನ್ನು ಜೋಡಿಸುವ ಸಕ್ಕರೆ), ಹಾಕಿದರೆ ಅದು ಖಾಲಿ ತಾಣವನ್ನು ಬಿಗಿಯಾಗಿ ಹಿಡಿದು ಬೀಗ ಜಡಿದಂತಾಗುತ್ತದೆ. ಆದ್ದರಿಂದ 100 ಮಿಲಿಮೋಲಾರ್ ಬೈಸೀನ್ (ಪಿಎಚ್ 8.0), 20 ಮಿಲಿಮೋಲಾರ್ ಮೆಗ್ನೀಸಿಯಂ ಕ್ಲೋರೈಡ್, 10 ಮಿಲಿಮೋಲಾರ್ ಸೋಡಿಯಂ ಬೈಕಾರ್ಬನೇಟ್, 5 ಮಿಲಿಮೋಲಾರ್ ಡಿಟಿಟಿ (ಕಿಣ್ವ ಆಕ್ಸಿಡೀಕರಣಗೊಳ್ಳದಂತೆ ಕಾಯುವ ರಾಸಾಯನಿಕ) ಇರುವ ಬಫರಿನಲ್ಲಿ ಪುಡಿ ಕರಗಿಸಿ, 25 ಡಿಗ್ರಿಯಲ್ಲಿ 10–15 ನಿಮಿಷ ಬಿಡಿ. ಆರ್‌ಯುಬಿಪಿ, 0.5 ಮಿಲಿಮೋಲಾರ್, ಕೊನೆಗೆ. ಬೈಕಾರ್ಬನೇಟ್ ದ್ರಾವಣ ಅವತ್ತಿಂದವತ್ತಿಗೆ ಮಾಡಿದ್ದಾಗಿರಲಿ. ಮುಚ್ಚಳ ತೆರೆದಿಟ್ಟ ಹಳೆಯದರಲ್ಲಿ ಅನಿಲ ಹಾರಿಹೋಗಿ ಪಿಎಚ್ ಏರಿರುತ್ತದೆ.

ವಿಕಿರಣಶೀಲ ಇಂಗಾಲ ಬಳಸುವ ಪರವಾನಗಿ ಇಲ್ಲದ ಕಾಲೇಜಿಗೆ 340 ನ್ಯಾನೊಮೀಟರಿನಲ್ಲಿ ಎನ್‌ಎಡಿಎಚ್ ಇಳಿಯುವುದನ್ನು ನೋಡುವ ಜೋಡಿ-ಕಿಣ್ವ ವಿಧಾನವೇ ಗತಿ. ರುಬಿಸ್ಕೊದ ಉತ್ಪನ್ನವನ್ನು ಪಿಜಿಕೆ, ಜಿಎಪಿಡಿಎಚ್ ಎಂಬ ಎರಡು ಜೋಡಿ ಕಿಣ್ವಗಳು ಮುಂದಕ್ಕೆ ಒಯ್ಯುವಾಗ ಎನ್‌ಎಡಿಎಚ್ ಖರ್ಚಾಗುತ್ತದೆ, ಆ ಅಣು ಹೀರುವ ಬೆಳಕಿನ ಇಳಿಕೆಯೇ ಇಲ್ಲಿ ಅಳತೆ. 1 ಮಿಲಿಲೀಟರ್ ಕ್ಯುವೆಟ್ಟಿನಲ್ಲಿ 0.2 ಮಿಲಿಮೋಲಾರ್ ಎನ್‌ಎಡಿಎಚ್, ಎಟಿಪಿ, ಪಿಜಿಕೆ, ಜಿಎಪಿಡಿಎಚ್. ಎಟಿಪಿ ಮರುಪೂರಣಕ್ಕೆ ಕ್ರಿಯಾಟಿನ್ ಫಾಸ್ಫೇಟ್ ಮತ್ತು ಅದರ ಕೈನೇಸ್. 0.01 ಯೂನಿಟ್ ರುಬಿಸ್ಕೊ ಇದ್ದರೆ ಬೆಳಕಿನ ಹೀರಿಕೆಯಲ್ಲಿ (ಅಬ್ಸಾರ್ಬೆನ್ಸ್) ನಿಮಿಷಕ್ಕೆ ಸುಮಾರು 0.12 ಇಳಿಕೆ ಬರುತ್ತದೆ, ಓದಲು ಹದವಾದ ವೇಗ. ಅಷ್ಟಕ್ಕೆ ಒಳ್ಳೆಯ ಲಾಟಿನಲ್ಲಿ 0.1 ಮಿಲಿಗ್ರಾಮ್ ಸಾಕು, ಕಳಪೆಯದರಲ್ಲಿ 1 ಮಿಲಿಗ್ರಾಮ್ ಬೇಕು. ಒಂದು ಇಂಗಾಲದ ಡೈಆಕ್ಸೈಡಿಗೆ ಎರಡು ಎನ್‌ಎಡಿಎಚ್ ಖರ್ಚಾಗುತ್ತದೆ. ಎರಡರಿಂದ ಭಾಗಿಸಲು ಮರೆತವರ ಫಲಿತಾಂಶ ದುಪ್ಪಟ್ಟಾಗಿ ಕೂತಿರುತ್ತದೆ. ಆರಂಭದ ಮಂದ ಹಂತ ಸಹಜ, ಅದನ್ನು ಬಿಟ್ಟು ಇಳಿಜಾರು ಎಳೆಯಿರಿ. ಆರ್‌ಯುಬಿಪಿ ಇಲ್ಲದ ಬ್ಲಾಂಕ್ (ಹೋಲಿಕೆಯ ಮಾದರಿ) ಕಡ್ಡಾಯ: ಶುದ್ಧವಲ್ಲದ ಪುಡಿಯಲ್ಲಿ ಎನ್‌ಎಡಿಎಚ್ ತಿನ್ನುವ ಬೇರೆ ಕಿಣ್ವಗಳೂ ಇರಬಹುದು.

ಎಡವುವ ಜಾಗ ಇನ್ನೂ ಎರಡಿವೆ. ಜೋಡಿ ಕಿಣ್ವಗಳು ಅಮೋನಿಯಂ ಸಲ್ಫೇಟ್ ತೇಲುಮಿಶ್ರಣದಲ್ಲಿ ಬರುವುದುಂಟು, ಸಲ್ಫೇಟ್ ರುಬಿಸ್ಕೊಗೆ ಅಡ್ಡಿ. ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಚೆಲ್ಲಿ, ತಳದ ಗಸಿಯನ್ನು ಬಫರಿನಲ್ಲಿ ಕರಗಿಸಿ, ಉಳಿದ ಉಪ್ಪನ್ನು ಡೀಸಾಲ್ಟಿಂಗ್ ಕಾಲಮ್ಮಿನಲ್ಲಿ ತೆಗೆಯಿರಿ. ಇನ್ನೊಂದು, ಆರ್‌ಯುಬಿಪಿಯನ್ನು ಕ್ಷಾರೀಯ ಬಫರಿನಲ್ಲಿ ಕರಗಿಸಿಡುವುದು. ಅಲ್ಲಿ ಅದು ಕೊಳೆತು ಕ್ಸೈಲ್ಯುಲೋಸ್ ಬಿಸ್‌ಫಾಸ್ಫೇಟಿನಂಥ ಪ್ರತಿಬಂಧಕಗಳಾಗುತ್ತದೆ. ತುಸು ಆಮ್ಲೀಯ ದ್ರಾವಣವನ್ನು ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ.

ಈಗ ‘ಅರ್ಧ ಸಾಮಾನು’ ಎಂದದ್ದಕ್ಕೆ ಕಾರಣ. ಎಲೆಯೊಳಗೆ ಬೀಗ ಬಿದ್ದ ರುಬಿಸ್ಕೊವನ್ನು ಬಿಡಿಸುವುದು ರುಬಿಸ್ಕೊ ಆಕ್ಟಿವೇಸ್ ಎಂಬ, ಎಟಿಪಿ ಒಡೆದು ಕೆಲಸ ಮಾಡುವ ಬೇರೆಯದೇ ಕಿಣ್ವ. ಅದರ ಉದ್ದನೆಯ ರೂಪವನ್ನು ಬೆಳಕಿನ ಸುದ್ದಿ ಹೊತ್ತ ಥಯೊರೆಡಾಕ್ಸಿನ್ ಎಂಬ ಪ್ರೋಟೀನ್ ಚುರುಕುಗೊಳಿಸುತ್ತದೆ. ಬಿಸಿಲೇರಿದರೆ ರುಬಿಸ್ಕೊಗಿಂತ ಮೊದಲು ಕೈಚೆಲ್ಲುವುದೂ ಆಕ್ಟಿವೇಸೇ. ಈ ಪುಡಿಯಲ್ಲಿ ಕೆಲಸ ಮಾಡುವ ಆಕ್ಟಿವೇಸ್ ಇದೆಯೆಂದು ನಂಬಿ ಪ್ರಯೋಗ ಹೂಡುವಂತಿಲ್ಲ. ಆ ಪ್ರಯೋಗಕ್ಕೆ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಆಕ್ಟಿವೇಸನ್ನು ಪ್ರತ್ಯೇಕ ಸೇರಿಸಬೇಕು, ಇಲ್ಲವೇ ತಾಜಾ ಎಲೆಯ ರಸದಿಂದಲೇ ಶುರುಮಾಡಬೇಕು.

ಜೆಲ್ ಓಡಿಸಿ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ನೋಡುವುದಷ್ಟೇ ಗುರಿಯಾದರೆ ಪುಡಿ ಕೊಳ್ಳುವುದು ದಂಡ. ಸೊಪ್ಪನ್ನು ತಣ್ಣನೆಯ ಬಫರಿನಲ್ಲಿ ಪಿವಿಪಿಪಿ (ಎಲೆಯ ಫೀನಾಲುಗಳನ್ನು ಹೀರಿಕೊಳ್ಳುವ ಪುಡಿ) ಸೇರಿಸಿ ಅರೆದು, ಸೋಸಿ, ಸೆಂಟ್ರಿಫ್ಯೂಜ್ ಮಾಡಿ ಜೆಲ್ಲಿಗೆ ಹಾಕಿದರೆ ರುಬಿಸ್ಕೊದ ದೊಡ್ಡ ಮತ್ತು ಸಣ್ಣ ಉಪಘಟಕಗಳ, 55 ಮತ್ತು 15 ಕಿಲೊಡಾಲ್ಟನ್ ಹತ್ತಿರದ, ಎರಡು ಪಟ್ಟಿ ಎದ್ದು ಕಾಣುತ್ತವೆ. ಸೊಪ್ಪು ಆರಿಸುವಾಗ ಮಾತ್ರ ಹುಷಾರು. ನಮ್ಮ ಸಂತೆಯಲ್ಲಿ ಪಾಲಕ್ ಹೆಸರಿನಲ್ಲಿ ಸಿಗುವುದು ಬೀಟ್‌ರೂಟ್ ಜಾತಿಯ ಸೊಪ್ಪೂ ಆಗಿರಬಹುದು. ಜೆಲ್ಲಿಗೆ ಅದೂ ನಡೆಯುತ್ತದೆ, ಆದರೆ ವರದಿಯಲ್ಲಿ ಸ್ಪಿನೇಸಿಯ (ನಿಜವಾದ ಪಾಲಕ್‌ನ ಕುಲನಾಮ) ಎಂದು ಬರೆಯಬೇಡಿ. ಬಸಳೆಯ ಲೋಳೆ ಸೋಸುಬಟ್ಟೆಯನ್ನೇ ಕಟ್ಟಿಹಾಕುತ್ತದೆ. ಹರಿವೆ, ದಂಟು ಇಂಗಾಲದ ಡೈಆಕ್ಸೈಡನ್ನು ರುಬಿಸ್ಕೊ ಸುತ್ತ ಸಾಂದ್ರಗೊಳಿಸಿಕೊಳ್ಳುವ ಸಿ4 ಗಿಡಗಳಾದ್ದರಿಂದ ರುಬಿಸ್ಕೊ ಪಾಲು ಕಡಿಮೆ, ಪಟ್ಟಿ ತೆಳು.